ಹಳದಿಯೆಲ್ಲ ಟೋಪಾಜ್ ಅಲ್ಲ

ಹರಳಿನಂಗಡಿಯಲ್ಲಿ ಪುಷ್ಯರಾಗ ಕೇಳಿದರೆ ಮೂರು ಬೇರೆ ಬೇರೆ ಖನಿಜಗಳು ಮುಂದೆ ಬರಬಹುದು. ಮೂರೂ ಹಳದಿ, ಮೂರೂ ಹೊಳೆಯುತ್ತವೆ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಕನಕ ಪುಷ್ಯರಾಗ ಎನ್ನುವುದು ಹಳದಿ ಸಫೈರ್. ಮಾಣಿಕ್ಯ, ನೀಲಗಳ ಕುಲದ ಕೊರಂಡಮ್. ಎರಡನೆಯದು ಟೋಪಾಜ್. ಮೂರನೆಯದು ಸಿಟ್ರಿನ್, ವ್ಯಾಪಾರಿಗಳ ಬಾಯಲ್ಲಿ ಸುನೆಲಾ. ಅದು ಹಳದಿ ಸ್ಫಟಿಕ, ಅಷ್ಟೆ. ನವರತ್ನದ ಲೆಕ್ಕದಲ್ಲಿ ಗುರುವಿಗೆ ಸಲ್ಲುವ ಕಲ್ಲೆಂದು ಇವುಗಳಲ್ಲಿ ಯಾವುದನ್ನಾದರೂ ಕೊಟ್ಟು ಕಳಿಸುವವರಿದ್ದಾರೆ. ಗುರು ಒಲಿಯುತ್ತಾನೋ ಬಿಡುತ್ತಾನೋ ಅದು ಇಲ್ಲಿನ ವಿಷಯವಲ್ಲ. ಟೋಪಾಜ್ ಎಂದು ದುಡ್ಡು ಎಣಿಸಿದವರು ಕೈಗೆ ಬಂದದ್ದು ಟೋಪಾಜೇ ಹೌದೇ ಎಂದು ತಿಳಿಯುವುದು ಹೇಗೆ, ಅದಷ್ಟೇ ಪ್ರಶ್ನೆ.

ಬಣ್ಣವನ್ನು ಮೊದಲೇ ಪಕ್ಕಕ್ಕಿಡೋಣ. ಅಪ್ಪಟ ಟೋಪಾಜ್‌ಗೆ ಬಣ್ಣವೇ ಇಲ್ಲ. ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ ಮತ್ತು ಫ್ಲೋರಿನ್ ಸೇರಿ ಆದ ಈ ಖನಿಜ ನೆಲದಿಂದ ಸಿಗುವಾಗ ಬಹುಪಾಲು ನೀರಿನಂತೆ ತಿಳಿಯಾಗಿಯೇ ಇರುತ್ತದೆ. ಹಳದಿ, ಕಂದು, ಗುಲಾಬಿ, ತೆಳುನೀಲಿ ಎಲ್ಲವೂ ಅದರಲ್ಲಿ ಉಂಟು. ಬ್ರೆಜಿಲ್‌ನ ಓರೊ ಪ್ರೆಟೊ ಸುತ್ತಿನ ಗಣಿಗಳ ಕಿತ್ತಳೆಗೆಂಪು ಕಲ್ಲು 'ಇಂಪೀರಿಯಲ್ ಟೋಪಾಜ್' ಎಂಬ ಹೆಸರಿನಲ್ಲಿ ದುಬಾರಿ. ಪಾಕಿಸ್ತಾನದ ಮರ್ದಾನ್ ಬಳಿಯ ಕಟ್ಲಾಂಗ್‌ನಲ್ಲಿ ಸಹಜ ಗುಲಾಬಿ ಸಿಗುತ್ತದೆ. ಇಷ್ಟು ವೇಷ ಹಾಕುವ ಕಲ್ಲನ್ನು ಬಣ್ಣದಿಂದ ಗುರುತಿಸುತ್ತೇನೆ ಎನ್ನುವವರ ಮಾತು ನಂಬುವಂಥದ್ದಲ್ಲ. 'ಸ್ಮೋಕಿ ಟೋಪಾಜ್' ಎಂದು ಮಾರುವ ಹೊಗೆಬಣ್ಣದ ಕಲ್ಲಂತೂ ಬಹುತೇಕ ಸ್ಫಟಿಕವೇ.

ಊರಲ್ಲಿ ಚಲಾವಣೆಯಲ್ಲಿರುವ ಪರೀಕ್ಷೆಗಳೂ ಇದಕ್ಕಿಂತ ಮೇಲಲ್ಲ. ಗಾಜನ್ನು ಗೀರಿದರೆ ಅಸಲಿ ಎನ್ನುತ್ತಾರೆ. ಮೋಹ್ಸ್ ಗಡಸುತನದಲ್ಲಿ ಟೋಪಾಜ್ 8, ಸ್ಫಟಿಕ 7, ಸಫೈರ್ 9. ಗಾಜು ಇವೆಲ್ಲಕ್ಕೂ ಮೆದು, ಹಾಗಾಗಿ ಮೂರೂ ಗೀರುತ್ತವೆ. ಹಾಲಿನಲ್ಲಿ ನೆನೆಸಿಡುವುದರಿಂದ ಹಾಲು ದಂಡ.

ನಂಬಬಹುದಾದದ್ದು ತೂಕ. ಗಾತ್ರಕ್ಕೆ ಎಷ್ಟು ತೂಕ ಎಂಬ ಲೆಕ್ಕ, ಅಂದರೆ ಸಾಪೇಕ್ಷ ಸಾಂದ್ರತೆ. ಟೋಪಾಜ್ ತನ್ನಷ್ಟೇ ಗಾತ್ರದ ನೀರಿಗಿಂತ ಸುಮಾರು 3.5 ಪಟ್ಟು ಭಾರ. ಸಿಟ್ರಿನ್ 2.65 ಪಟ್ಟು, ಸಫೈರ್ 4 ಪಟ್ಟು. ಅಂತರ ಇಷ್ಟು ದೊಡ್ಡದಿರುವಾಗ ಮನೆಯಲ್ಲೇ ಅಳೆಯಬಹುದು. ಆಭರಣ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ, ಒಂದು ಲೋಟ ನೀರು, ತೆಳು ದಾರ ಸಾಕು. ಮೊದಲು ಬಿಡಿಕಲ್ಲನ್ನು ಒಣಗಿದ್ದಾಗ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತನ್ನಿ. ಕಲ್ಲನ್ನು ದಾರದಲ್ಲಿ ಕಟ್ಟಿ, ತಳಕ್ಕಾಗಲಿ ಅಂಚಿಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವುದು ಕಲ್ಲು ಸರಿಸಿದ ನೀರಿನ ತೂಕ. ಮೊದಲ ಅಂಕಿಯನ್ನು ಇದರಿಂದ ಭಾಗಿಸಿದರೆ ಮುಗಿಯಿತು. 10 ಕ್ಯಾರೆಟ್ ಎಂದರೆ 2 ಗ್ರಾಂ. ಅಷ್ಟು ತೂಕದ ಟೋಪಾಜ್ ನೀರಿನಲ್ಲಿ 0.57 ಗ್ರಾಂ ತೋರಿಸುತ್ತದೆ, ಸಿಟ್ರಿನ್ ಆದರೆ 0.75ರ ಆಸುಪಾಸು, ಸಫೈರ್ ಆದರೆ 0.50. ಕಲ್ಲಿಗೆ ಗಾಳಿಗುಳ್ಳೆ ಅಂಟಿದರೆ ಲೆಕ್ಕ ಕೆಡುತ್ತದೆ. ನೀರಿಗೆ ಒಂದು ತೊಟ್ಟು ಪಾತ್ರೆ ಸೋಪು ಬೆರೆಸಿ.

ಚಿಕ್ಕ ಕಲ್ಲಿಗೆ ಈ ಉಪಾಯ ನಡೆಯದು. 1 ಕ್ಯಾರೆಟ್ ಟೋಪಾಜ್ 0.20 ಗ್ರಾಂ, ಅದು ಸರಿಸುವ ನೀರು 0.057 ಗ್ರಾಂ. ಎರಡೇ ದಶಮಾಂಶ ತೋರಿಸುವ ತಕ್ಕಡಿ ಇದನ್ನು 0.06 ಎಂದೀತು, ಕೈ ಕೊಂಚ ಅಲುಗಿದರೆ 0.05 ಎಂದೀತು. ಎರಡನೆಯ ಅಂಕಿಯಿಂದ ಭಾಗಿಸಿದರೆ ಬರುವುದು 4. ಅಗ್ಗದ ಟೋಪಾಜ್ ಕೂತಲ್ಲೇ ಸಫೈರ್ ಆಗಿಬಿಡುತ್ತದೆ!

ತೂಕವೊಂದೇ ಸಾಲದು ಎನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ. ವಜ್ರದ ಸಾಂದ್ರತೆ 3.52. ಟೋಪಾಜ್‌ನದೂ ಹೆಚ್ಚುಕಮ್ಮಿ ಅಷ್ಟೇ. ಪೋರ್ಚುಗಲ್ ರಾಜಮನೆತನದ ಬಳಿ ಇತ್ತೆನ್ನುವ, 1,600 ಕ್ಯಾರೆಟ್ ಮೀರಿದ 'ಬ್ರಗಾಂಜಾ ವಜ್ರ' ಬ್ರೆಜಿಲ್‌ನ ಬಣ್ಣವಿಲ್ಲದ ಟೋಪಾಜ್ ಆಗಿದ್ದಿರಬೇಕೆಂದು ಅನೇಕ ರತ್ನತಜ್ಞರು ಭಾವಿಸಿದ್ದಾರೆ. ಅಂಥ ಕಲ್ಲನ್ನು ತಕ್ಕಡಿಯ ಮೇಲಿಟ್ಟು ಸತ್ಯ ಹೊರಡಿಸಲಾಗದು. ಗಾಜಿನ ಮಟ್ಟಿಗೂ ಅದೇ ತೊಂದರೆ: ಸೀಸ ಬೆರೆಸಿದಷ್ಟೂ ಗಾಜು ಭಾರವಾಗುತ್ತದೆ, 3.5ಕ್ಕೂ ತಂದು ನಿಲ್ಲಿಸಬಹುದು.

ಗಾಜನ್ನು ಹಿಡಿಯಲು ಬೆಳಕನ್ನು ಕೇಳಬೇಕು. ಟೋಪಾಜ್ ಒಳಹೊಕ್ಕ ಬೆಳಕನ್ನು ಎರಡು ಕಿರಣಗಳಾಗಿ ಒಡೆಯುತ್ತದೆ. ಗಾಜಿಗೆ ಆ ಗುಣವಿಲ್ಲ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಿಂದ ಹೊರಡುವುದು ಧ್ರುವೀಕೃತ ಬೆಳಕು. ಬಿಳಿ ಪುಟ ತೆರೆದು, ಪೋಲರಾಯ್ಡ್ ತಂಪು ಕನ್ನಡಕದ ಗಾಜನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ. ಈಗ ನಡುವೆ ಕಲ್ಲು ಹಿಡಿದು ಸುತ್ತಿಸಿದರೆ ಟೋಪಾಜ್ ಒಂದು ಸುತ್ತಿನಲ್ಲಿ ನಾಲ್ಕು ಸಲ ಬೆಳಗಿ ನಾಲ್ಕು ಸಲ ಮಂಕಾಗುತ್ತದೆ, ಗಾಜು ಸಾಮಾನ್ಯವಾಗಿ ಕಪ್ಪಾಗಿಯೇ ಉಳಿಯುತ್ತದೆ. ಎರಡು ಮೂರು ಮಗ್ಗುಲಿನಿಂದ ನೋಡುವುದು ಒಳ್ಳೆಯದು. ಆದರೆ ಸಿಟ್ರಿನ್, ಸಫೈರ್‌ಗಳೂ ಹೀಗೇ ಮಿನುಗುತ್ತವೆ. ಇದು ಗಾಜನ್ನು ಹೊರಗಿಡುವ ಪರೀಕ್ಷೆ, ಟೋಪಾಜ್‌ಗೆ ಸಹಿ ಹಾಕುವುದಲ್ಲ.

ಸಹಿ ಹಾಕುವುದು ವಕ್ರೀಭವನ ಮಾಪಕ, ರತ್ನಪರೀಕ್ಷಕರ ಮೇಜಿನ ಮೇಲಿರುವ ಅಂಗೈಯಗಲದ ಉಪಕರಣ. ಟೋಪಾಜ್‌ಗೆ ಅದು 1.61ರಿಂದ 1.64ರ ನಡುವೆ ಎರಡು ಗೆರೆ ತೋರಿಸುತ್ತದೆ. ಸಿಟ್ರಿನ್ 1.55ರ ಹತ್ತಿರ, ಸಫೈರ್ 1.76ರ ಮೇಲೆ. ಟೂರ್ಮಲಿನ್ ಕೂಡ ಇದೇ 1.62ರ ಸುತ್ತ ಬರುತ್ತದೆ, ಅದರ ಎರಡು ಗೆರೆಗಳ ಅಂತರ ಮಾತ್ರ ಟೋಪಾಜ್‌ನದರ ಎರಡರಷ್ಟು, ಸಾಂದ್ರತೆಯೂ 3.1ರ ಆಸುಪಾಸು. ಬೆಳಕು ಮತ್ತು ತೂಕ ಎರಡೂ ಒಂದೇ ಹೆಸರು ಹೇಳಿದಾಗ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ.

ಕೊಯ್ಯದ ಕಚ್ಚಾ ಕಲ್ಲಾದರೆ ಕಣ್ಣಿಗೇ ಸುಳಿವು ಸಿಗುತ್ತದೆ. ಟೋಪಾಜ್ ಹರಳಿನ ಮೈಮೇಲಿನ ಗೀರುಗಳು ಉದ್ದಕ್ಕೆ ಇರುತ್ತವೆ, ಸ್ಫಟಿಕದವು ಅಡ್ಡಕ್ಕೆ. ಹರಳಿನ ಉದ್ದಕ್ಕೆ ಅಡ್ಡಲಾಗಿ ಟೋಪಾಜ್‌ಗೆ ಒಂದು ದುರ್ಬಲ ತಳವಿದೆ. ಪೆಟ್ಟು ಬಿದ್ದರೆ ಎಳೆಗುಂಟ ಸೌದೆ ಸೀಳಿದಂತೆ ಆ ತಳದಲ್ಲಿ ನುಣ್ಣಗೆ ಒಡೆಯುತ್ತದೆ. ಗಡಸುತನ 8 ಇದ್ದರೂ ನೆಲಕ್ಕೆ ಬಿದ್ದ ಉಂಗುರದ ಟೋಪಾಜ್ ಸೀಳಿಹೋಗುವುದು ಇದರಿಂದಲೇ. ಅಲ್ಟ್ರಾಸಾನಿಕ್ ತೊಳೆಯುವ ಯಂತ್ರಕ್ಕೆ ಇದನ್ನು ಹಾಕಬಾರದು.

ನೀಲಿ ಟೋಪಾಜ್‌ನ ಕಥೆ ಬೇರೆ. ಸಹಜವಾದ ನೀಲಿ ಅಪರೂಪ, ಸಿಕ್ಕರೂ ಪೇಲವ. 'ಲಂಡನ್ ಬ್ಲೂ', 'ಸ್ವಿಸ್ ಬ್ಲೂ' ಎಂದು ಮಾರುವವು ಬಣ್ಣವಿಲ್ಲದ ಟೋಪಾಜನ್ನು ಪರಮಾಣು ರಿಯಾಕ್ಟರ್ ಅಥವಾ ಎಲೆಕ್ಟ್ರಾನ್ ವೇಗವರ್ಧಕದಲ್ಲಿ ವಿಕಿರಣಕ್ಕೊಡ್ಡಿ, ಬೇಕಾದ ಕಡೆ ಕಾಯಿಸಿ ಪಡೆದವು. ವಿಕಿರಣ ಸುರಕ್ಷಿತ ಮಟ್ಟಕ್ಕಿಳಿಯುವವರೆಗೆ ಅವನ್ನು ಮಾರುಕಟ್ಟೆಗೆ ಬಿಡಬಾರದೆಂಬುದು ನಿಯಮ. ಈ ಬಣ್ಣ ಮಾಸುವುದಿಲ್ಲ, ಹಾಗಾಗಿ ಇದನ್ನು ಮೋಸವೆನ್ನಲಾರೆ. ಸಹಜ ನೀಲಿ ಎಂದು ಹೇಳಿ ಮಾರಿದರೆ ಮೋಸವೇ. ಕಾಮನಬಿಲ್ಲಿನಂತೆ ಹೊಳೆಯುವ 'ಮಿಸ್ಟಿಕ್ ಟೋಪಾಜ್' ಮೇಲೆ ತೆಳು ಲೇಪವಿರುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಲೂಪ್‌ನಲ್ಲಿ ನೋಡಿದರೆ ಬಳಸಿದ ಕಲ್ಲಿನ ಮುಖಗಳ ಅಂಚಿನಲ್ಲಿ ಅದು ಸವೆದಿರುವುದು ಕಾಣುತ್ತದೆ.

ಇಂದಿನ ದೊಡ್ಡ ಪ್ರಯೋಗಾಲಯಗಳು ಲೇಸರ್ ಕಿರಣ ಬಿಟ್ಟು, ಕಲ್ಲು ಚದುರಿಸುವ ಬೆಳಕಿನಿಂದ ಖನಿಜವನ್ನು ಗುರುತಿಸುತ್ತವೆ. 1928ರಲ್ಲಿ ಸಿ.ವಿ. ರಾಮನ್ ಕಂಡ ಪರಿಣಾಮವೇ ಈ ವಿಧಾನದ ತಳಹದಿ. ಹರಳುಗಳ ಹುಚ್ಚು ಹಿಡಿಸಿಕೊಂಡಿದ್ದ ರಾಮನ್ ಕೂಡಿಟ್ಟ ಕಲ್ಲುಗಳ ಸಂಗ್ರಹ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದೆ. ಈ ಪರೀಕ್ಷೆಯ ಅನುಕೂಲವೆಂದರೆ ಕಟ್ಟಿದ ಒಡವೆಯಲ್ಲೇ ಕಲ್ಲನ್ನು ನೋಡಬಹುದು. ಬೇರೆಲ್ಲ ಸಾದಾ ಪರೀಕ್ಷೆಗಳಿಗೆ ಬಿಡಿಕಲ್ಲೇ ಅನುಕೂಲ, ತೂಕದ ಲೆಕ್ಕಕ್ಕಂತೂ ಬಿಡಿಕಲ್ಲೇ ಆಗಬೇಕು. ಹಾಗಾಗಿ ಅಕ್ಕಸಾಲಿಗನ ಕೈಗೆ ಕೊಡುವ ಮೊದಲೇ ಪರೀಕ್ಷೆ ಮಾಡಿಸಿ. ಪ್ರಮಾಣಪತ್ರದಲ್ಲಿ ಖನಿಜದ ಹೆಸರಿನ ಜಾಗದಲ್ಲಿ ಟೋಪಾಜ್, ಕೊರಂಡಮ್, ಕ್ವಾರ್ಟ್ಜ್ ಈ ಮೂರರಲ್ಲಿ ಯಾವುದಿದೆ, ಸಂಸ್ಕರಣೆಯ ಸಾಲಿನಲ್ಲಿ ಏನು ಬರೆದಿದ್ದಾರೆ ಎಂದು ಓದಿ, ಆಮೇಲೆ ಬೆಲೆ ಮಾತಾಡಿ.