ನಿಮ್ಮ ಓಣಿಯಲ್ಲಿ ಒಲೆ ಹತ್ತದ ಮನೆ ಯಾವುದು?

ಬನದ ಹುಣ್ಣಿಮೆ ಬಂದರೆ ಯಲ್ಲಮ್ಮನ ಗುಡ್ಡದಲ್ಲಿ ಹೋಳಿಗೆ, ಕಡುಬು, ರೊಟ್ಟಿ, ಪಲ್ಯ ಇಟ್ಟು ಪಡ್ಲಗಿ ತುಂಬಿಸುತ್ತೇವೆ. ಬಡಿಸುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಗುಡ್ಡ ಇಳಿದ ಮೇಲೆ ಮಾತ್ರ, ಮಗ್ಗುಲ ಮನೆಯ ಅಜ್ಜಿ ನಿನ್ನೆ ಉಂಡಳೋ ಇಲ್ಲವೋ ಎಂದು ಕೇಳುವವರಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಬಂಧುಗಳೇ, ನನ್ನ ತಕರಾರು ಇದೇ.

ನಮ್ಮ ಸೀಮೆಯ ಹಸಿವು ಬೀದಿಗೆ ಬಂದು ಕೈಚಾಚುವುದಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತದೆ. ರಾಮದುರ್ಗದ ಕಡೆ ಮಗ್ಗ ನಿಂತರೆ ನೇಕಾರರ ಮನೆಯಲ್ಲಿ ಮೊದಲು ಬ್ಯಾಳಿ ತಪ್ಪುತ್ತದೆ, ಆಮೇಲೆ ಎಣ್ಣೆ, ಕೊನೆಗೆ ತಾಯಿಯ ರಾತ್ರಿ ಊಟ. ಮಗ-ಸೊಸೆ ಕಬ್ಬು ಕಡಿಯಲೋ ಗೋವಾಕ್ಕೆ ಗೌಂಡಿ ಕೆಲಸಕ್ಕೋ ಹೋದರೆ, ಮನೆ ಕಾಯುವ ಮುದುಕರಿಗೆ ಅಂಗಡಿಯವ ಉದ್ರಿ ಕೊಡುವ ತನಕ ಊಟ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಊರೂರಿನಿಂದ ರೊಟ್ಟಿಯ ಗಂಟು ಬಂದವು. ಆ ಗಂಟು ಬೇಸಿಗೆಯಲ್ಲಿ ಯಾಕೆ ಹೊರಡುವುದಿಲ್ಲ?

ದಾನದ ಮಾತು ಅಷ್ಟಕ್ಕಿರಲಿ, ರೇಷನ್ ಹಕ್ಕು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಅಂತ್ಯೋದಯ ಕುಟುಂಬಕ್ಕೆ ತಿಂಗಳಿಗೆ 35 ಕೆ.ಜಿ. ಧಾನ್ಯ, ಆದ್ಯತಾ ಕುಟುಂಬದಲ್ಲಿ ತಲೆಗೆ 5 ಕೆ.ಜಿ.; ಕೊಡದಿದ್ದರೆ ಆಹಾರ ಭದ್ರತಾ ಭತ್ಯೆ ಕೊಡಬೇಕು. ಅದೇ ವರ್ಷ ಜುಲೈನಲ್ಲಿ ರಾಜ್ಯದ ಅನ್ನಭಾಗ್ಯವೂ ಬಂತು. ಆದರೆ ಕಳೆ ಕಿತ್ತು, ಸೆಗಣಿ ಬಳಿದು ಗೆರೆ ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪದಿದ್ದರೆ? ಸೊಸೆಯ ಹೆಸರು ಕಾರ್ಡಿಗೆ ಏರದಿದ್ದರೆ? "ನಾಳೆ ಬಾ" ಅನ್ನಿಸಿಕೊಂಡವಳಿಗೆ ನಾಳೆಯ ಕೂಲಿಯೂ ಹೋಯಿತು. ಜೋಳದ ರೊಟ್ಟಿಯ ಸೀಮೆಗೆ ಬರುವುದು ಬಹುಪಾಲು ಅಕ್ಕಿ. ಅದನ್ನು ಮಾರಿ ಜೋಳ ತಂದವರನ್ನು ಕಟ್ಟೆಯ ಮೇಲೆ ಕೂತು ಆಡಿಕೊಳ್ಳುವವರಿದ್ದಾರೆ; ಅವರ ಮನೆಯಲ್ಲಿ ಚೀಲ ಚೀಲ ಜೋಳ ಇರುತ್ತದೆ ಬಿಡಿ.

ಸ್ತ್ರೀಶಕ್ತಿ ಸಂಘದ ಅಕ್ಕಂದಿರೇ, ರೇಷನ್ ತಪ್ಪಿದ ಮನೆ ಯಾವುವೆಂದು ನಿಮಗೆ ಬಾಯಿಪಾಠ. ಪಟ್ಟಿ ಬರೆದು ತಹಶೀಲ್ದಾರ್ ಕಚೇರಿಗೆ ಕೊಡಿ, ಸ್ವೀಕೃತಿ ಇಸಿದುಕೊಳ್ಳಿ. ಕಾಲೇಜಿನ ಹುಡುಗರೇ, ಅಜ್ಜಿಯ ಕಾರ್ಡು ಹಿಡಿದು ಅವಳ ಜೊತೆ ರೇಷನ್ ಅಂಗಡಿಗೆ ಹೋಗಿ. ಇಲ್ಲ ಅಂದರೆ ಅಲ್ಲಿಂದಲೇ ರೇಷನ್ ಸಹಾಯವಾಣಿ 1967ಕ್ಕೆ ಫೋನ್ ಹಚ್ಚಿ. ಎಪಿಎಂಸಿಯ ವ್ಯಾಪಾರಸ್ಥರೇ, ಜಾತ್ರೆಗೆ ಕೊಡುವಷ್ಟೇ ತೊಗರಿಬ್ಯಾಳಿಯನ್ನು ಸುಗ್ಗಿ ಮುಗಿದು ಕೂಲಿ ನಿಲ್ಲುವ ತಿಂಗಳಿಗೂ ತೆಗೆದಿಡಿ. ಕೊಡುವಾಗ ಫೋಟೊ ಮಾತ್ರ ಬೇಡ.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಗಟಾರದ ಮಾತಿಗೆ ಮೊದಲೇ ಎದ್ದು ನಿಂತು ಕೇಳಿ: ಈ ತಿಂಗಳು ಎಷ್ಟು ಕಾರ್ಡಿಗೆ ರೇಷನ್ ಹೋಗಿಲ್ಲ, ಯಾಕೆ? ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆಯುವ ತನಕ ಕೂಡಬೇಡಿ.