ಹೊಳೆಯೇ ಕೋಟೆ

ದ್ವೀಪವೆಂದೊಡನೆ ಬಯಲುಸೀಮೆಯವರಾದ ನಮಗೆ ದೂರದ ಕಡಲು ನೆನಪಾಗುತ್ತದೆ. ಆದರೆ ಕನ್ನಡನಾಡಿನ ಚರಿತ್ರೆಯಲ್ಲಿ ಹೆಸರಾದ ದ್ವೀಪವೊಂದು ಹೊಳೆಯ ನಡುವೆಯೇ ಉಂಟು. ಕಾವೇರಿಯ ಎರಡು ಕವಲುಗಳು ಬಳಸಿ ಹರಿಯುವ ಶ್ರೀರಂಗಪಟ್ಟಣವೇ ಅದು.

ರಂಗನಾಥನ ಈ ನೆಲೆಗೆ ಆದಿರಂಗವೆಂದು ಹೆಸರು. ಮಧ್ಯರಂಗವೆನಿಸಿದ ಶಿವನಸಮುದ್ರವೂ ಅಂತ್ಯರಂಗವೆನಿಸಿದ ತಮಿಳುನಾಡಿನ ಶ್ರೀರಂಗವೂ ಕಾವೇರಿಯ ದ್ವೀಪಗಳೇ. ನಮ್ಮ ಹಿರಿಯರು ಗುಡಿಯನ್ನೂ ಹೊಳೆಯನ್ನೂ ಬೇರೆಬೇರೆಯಾಗಿ ಕಾಣಲಿಲ್ಲ.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ರಾಜಧಾನಿ ಮಾಡಿಕೊಂಡರು. ಕೋಟೆಗೆ ಹೊಳೆಯೇ ಅಗಳು. 1799ರ ಮೇ 4ರಂದು, ಬೇಸಗೆಯಲ್ಲಿ ನೀರು ಇಳಿದಿದ್ದಾಗ, ಇಂಗ್ಲಿಷರ ಸೈನ್ಯ ಹೊಳೆಯನ್ನು ಹಾಯ್ದು ಕೋಟೆಯನ್ನು ಹೊಕ್ಕಿತು. ಟಿಪ್ಪು ಸುಲ್ತಾನನು ಹೋರಾಡುತ್ತ ಮಡಿದನು.

ಸನಿಹದ ರಂಗನತಿಟ್ಟಿನಲ್ಲಿ ಹೊಳೆಯು ಹಕ್ಕಿಗಳಿಗೂ ಕೋಟೆಯಾಗಿದೆ. 17ನೆಯ ಶತಮಾನದಲ್ಲಿ ಕಾವೇರಿಗೆ ಹಾಕಿದ ಕಟ್ಟೆಯಿಂದ ಅಲ್ಲಿ ನಡುಗಡ್ಡೆಗಳು ಮೂಡಿದವು. ಕೊಕ್ಕರೆ, ಚಮಚಕೊಕ್ಕು ಮೊದಲಾದ ಹಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ. ಸುತ್ತಣ ನೀರು ನೆಲದ ಬೇಟೆಮೃಗಗಳಿಂದ ಮರಿಗಳನ್ನು ಕಾಯುತ್ತದೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮಹತ್ವದ ಜೌಗುನೆಲೆಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಮನುಷ್ಯನ ಕೆಲಸವೆಲ್ಲ ಪ್ರಕೃತಿಗೆ ಹಗೆಯಲ್ಲವೆಂಬುದಕ್ಕೆ ಈ ಕಟ್ಟೆಯೇ ಸಾಕ್ಷಿ.

ಹಾಗಿದ್ದೂ ಹಗೆಯಾಗುವ ಕೆಲಸವನ್ನೇ ನಾವು ಮಾಡುತ್ತಿದ್ದೇವೆ. ಕೋಟೆ, ಗುಡಿ, ಅರಮನೆಗಳ ಕಲ್ಲನ್ನು ಕಾಯಲು ಕಾನೂನುಂಟು, ಕಾವಲುಗಾರರುಂಟು. ಹೊಳೆಗೋ, ಸ್ನಾನಘಟ್ಟದಲ್ಲಿ ಬಿಟ್ಟ ಬಟ್ಟೆ, ಪ್ಲಾಸ್ಟಿಕ್, ಊರಿನ ಕೊಳೆ ಬಂದು ಸೇರುತ್ತವೆ. ಪುಣ್ಯವನ್ನರಸಿ ಬಂದವರೇ ನೀರನ್ನು ಕೆಡಿಸಿದರೆ ಆ ಪುಣ್ಯವಾದರೂ ಎಲ್ಲಿಯದು? ಪರಂಪರೆಯೆಂದರೆ ಕಲ್ಲು ಮಾತ್ರವಲ್ಲ, ಅದನ್ನು ಬಳಸಿದ ನೀರೂ ಹೌದು. ಕಲ್ಲು ಬಿದ್ದರೆ ಮತ್ತೆ ಎತ್ತಿ ನಿಲ್ಲಿಸಬಹುದು. ಹೊಳೆಯನ್ನು ಕಟ್ಟಿಕೊಡುವ ಶಿಲ್ಪಿ ಇನ್ನೂ ಹುಟ್ಟಿಲ್ಲ.