ಒಂದು ಗಂಟೆಯ ಸುಳ್ಳು

"ಮಂಗಳೂರಿಗೆ ಫ್ಲೈಟಲ್ಲಿ ಒಂದೇ ಗಂಟೆ ಮಾರಾಯಾ, ಊರಿಗೆ ಹೋಗೋಕೇನು ಕಷ್ಟ?" ಆಫೀಸಿನಲ್ಲಿ ಈ ಮಾತು ಕೇಳೀ ಕೇಳೀ ಸಾಕಾಗಿದೆ.

ಬೆಂಗಳೂರು-ಮಂಗಳೂರು ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 305 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿದರೆ ಬರೀ 23 ನಿಮಿಷ! ಆದರೆ ವಿಮಾನ ಏರಬೇಕು, ಇಳಿಯಬೇಕು, ರನ್‌ವೇಗೆ ಸರದಿ ಕಾಯಬೇಕು. ಹಾಗಾಗಿ ಟಿಕೆಟ್ಟಿನಲ್ಲಿ ಒಂದು ಗಂಟೆ. ಸರಿ, ಅದು ವಿಮಾನದ ಲೆಕ್ಕ.

ಈಗ ನನ್ನ ಲೆಕ್ಕ ಕೇಳಿ. ಜಯನಗರದಿಂದ ದೇವನಹಳ್ಳಿಗೆ ಎರಡು ಗಂಟೆ. ಚೆಕ್-ಇನ್, ತಪಾಸಣೆ ಅಂತ ಮತ್ತೆರಡು. ಹಾರಾಟ ಒಂದು. ಬ್ಯಾಗು ಬರಲು ಅರ್ಧ. ಬಜ್ಪೆಯಿಂದ ಪುತ್ತೂರಿಗೆ ಒಂದೂವರೆ, ಅದೂ ಬೆಂಗಳೂರಿನ ದಿಕ್ಕಿಗೇ ವಾಪಸ್ಸು! ಒಟ್ಟು ಏಳು. ರಾತ್ರಿ ಬಸ್ಸೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ತಗೊಳ್ಳುತ್ತೆ.

ಅಜ್ಜಿ ಹೋದ ದಿನ ನಾನೂ ಆ "ಒಂದು ಗಂಟೆ"ಯನ್ನೇ ನಂಬಿದ್ದೆ. "ಮಧ್ಯಾಹ್ನದೊಳಗೆ ಬರ್ತೇನೆ, ಕಾಯಿರಿ" ಅಂದಿದ್ದೆ. ಒಂಬತ್ತಕ್ಕೆ ಹೊರಟವನು ಮುಟ್ಟಿದ್ದು ನಾಲ್ಕಕ್ಕೆ. ಎಲ್ಲ ಮುಗಿದಿತ್ತು.

ನನ್ನ ಸಿಟ್ಟು ಅದಕ್ಕಷ್ಟೇ ಅಲ್ಲ. "ಫ್ಲೈಟ್ ಇದೆಯಲ್ಲ" ಅಂದುಕೊಂಡು ನಾವು ಘಾಟಿಯನ್ನು ಮರೆಯುತ್ತೇವೆ. 2024ರ ಜುಲೈನಲ್ಲಿ ಯಡಕುಮರಿ ಬಳಿ ಭೂಕುಸಿತವಾಗಿ ರೈಲುಗಳು ನಿಂತವು. ಶಿರಾಡಿ ರಸ್ತೆಯಲ್ಲೂ ಗುಡ್ಡ ಜಾರಿತು. ಆಗ ಪರದಾಡಿದವರು ರೈಲು-ಬಸ್ಸುಗಳನ್ನೇ ನಂಬಿದ ನಮ್ಮೂರಿನ ಜನ. ಅವರ ಪಾಲಿಗೆ ಆ ಒಂದು ಗಂಟೆ ಇಲ್ಲವೇ ಇಲ್ಲ. ಮೊದಲು ಸರಿಯಾಗಬೇಕಾದ್ದು ಆ ದಾರಿಗಳು ಸ್ವಾಮಿ!

ಇನ್ನಾದರೂ ಪ್ರಯಾಣದ ಸಮಯವನ್ನು ಮನೆ ಬಾಗಿಲಿಂದ ಮನೆ ಬಾಗಿಲಿಗೆ ಹೇಳೋಣ. ನಿಮ್ಮೂರಿನ ಲೆಕ್ಕ ಎಷ್ಟು ಬರುತ್ತೆ?